ಕೀಬೋರ್ಡ್‌ಗೆ ಹೊಸ ಸ್ಟೈಲ್ ಹಾಕೂದು ಹೆಂಗ: ಈಗಷ್ಟ ಕಲಿಯಾಕ ಹತ್ತಿದವರ ಸಲುವಾಗಿ

ಹ್ವಾದ ಶ್ರಾವಣದಾಗ ಧಾರವಾಡದ ನಮ್ಮ ಓಣ್ಯಾಗಿನ ಭಜನಿಗೆ ತಂಗಿ ಮಗ ತನ್ನ ಹೊಸ ಕೀಬೋರ್ಡ್ ಹೊತ್ಕೊಂಡು ಬಂದಿದ್ದ. ಹಿರೇರು ಶರೀಫಜ್ಜನ ಒಂದು ತತ್ವಪದ ಎತ್ತಿಕೊಂಡ್ರು, ಇಂವ ಉಮೇದಿನ್ಯಾಗ 8 ಬೀಟ್ ಅನ್ನೋ ಸ್ಟೈಲ್, ಅಂದ್ರ ಕೀಬೋರ್ಡ್ ತಾನ ಬಾರಿಸೋ ತಾಳ-ಮೇಳ, ಹಚ್ಚಿಬಿಟ್ಟ. ಅವರು ಹಾಡೋದು ದಾದ್ರಾದಾಗ, ಅಂದ್ರ ಆರು ಮಾತ್ರಿ, ಕೀಬೋರ್ಡ್ ನೋಡಿದ್ರ ನಾಕು ನಾಕು ಹೊಡಿಯಾಕ ಹತ್ತೇತಿ, ಎರಡನೇ ಸಾಲಿಗೆ ತಾಳ ಹಿಡಿದವರ ಕೈ ನಿಂತು ಎಲ್ಲಾರೂ ಹುಡುಗನ ಮಾರಿ ನೋಡಾಕ ಹತ್ತಿದ್ರು. ಪಾಪ ಹುಡುಗ ಬಂದ್ ಮಾಡಿ ಸುಮ್ನ ಕುಂತ. ಮನಿಗೆ ಬಂದ ಮ್ಯಾಲ ಕೇಳಿದ, ಮಾಮಾ ಇದ್ರಾಗ ನಮ್ಮ ತಾಳ ಹಾಕಾಕ ಬರ್ತೈತೇನು ಅಂತ. ಬರ್ತೈತಿ. ಅವತ್ತು ಅವಗ ಕುಂದ್ರಿಸಿಕೊಂಡು ಹೇಳಿಕೊಟ್ಟಿದ್ದನ್ನ ಇಲ್ಲಿ ಪೂರಾ ಬರೀತೀನಿ, ಯಾಕಂದ್ರ ಫೈಲ್ ಹಾಕೂದು ಐದು ನಿಮಿಷದ ಕೆಲಸ, ಆ ಫೈಲ್ ನಮ್ಮ ಹಾಡಿಗೆ ಹೊಂದೋ ಹಂಗ ಮಾಡೂದು ಐತಲ್ಲ, ಅದನ್ನ ಯಾರೂ ಹೇಳಿಕೊಡೂದಿಲ್ಲ.

ಮೊದಲ ಸ್ಟೈಲ್ ಅಂದ್ರ ಏನು ಅನ್ನೂದು ತಲಿಗೆ ಹೋಗ್ಬೇಕು, ಇಲ್ಲಾಂದ್ರ ಮುಂದ ಯಾವ ತ್ರಾಸ ಯಾಕ ಬಂತು ಅಂತ ತಿಳಿಯೂದಿಲ್ಲ. ಭಾಳ ಮಂದಿ ಅದು ಎಂಪಿ3 ಇದ್ದಂಗ, ಯಾರೋ ತಬಲಾ ನುಡಿಸಿ ರೆಕಾರ್ಡ್ ಮಾಡಿಟ್ಟಾರ ಅಂತ ತಿಳ್ಕೊಂಡಿರ್ತಾರ. ಹಂಗಲ್ಲ. ಅದು ಬರೀ ಬರವಣಿಗಿ. ಯಾವ ಹೊತ್ತಿಗೆ ಯಾವ ವಾದ್ಯದ ಯಾವ ಸ್ವರ ಎಷ್ಟು ಜೋರಾಗಿ ಬರ್ಬೇಕು ಅನ್ನೂದನ್ನ ಮಿಡಿ ಅನ್ನೋ ಪದ್ಧತಿಯೊಳಗ ಬರದಿಟ್ಟಿರ್ತಾರ, ಈ ಮಿಡಿ 1983ರಿಂದ ಬಂದದ್ದು, ಇವತ್ತಿಗೂ ಎಲ್ಲಾ ಕಂಪನಿ ಕೀಬೋರ್ಡೂ ಅದನ್ನ ಓದ್ತಾವು. ಬರವಣಿಗಿ ಓದಿ ದನಿ ಕೊಡೋದು ನಿಮ್ಮ ಕೀಬೋರ್ಡ್. ಅದಕ್ಕ ಒಂದು ಸ್ಟೈಲ್ ಫೈಲ್ ಮೊಬೈಲ್‌ನ್ಯಾಗ ತಗದ ಒಂದು ಫೋಟೋಕಿಂತ ಎಷ್ಟೋ ಸಣ್ಣದಿರ್ತೈತಿ, ಕೆಬಿ ಲೆಕ್ಕದಾಗ. ಅದಕ್ಕ ಒಂದ ಫೈಲ್ ದೊಡ್ಡ ಕೀಬೋರ್ಡ್‌ನ್ಯಾಗ ಭಾರಿ ಕೇಳಿ ನಿಮ್ಮದ್ರಾಗ ಡಬ್ಬಿ ಬಡದಂಗ ಕೇಳ್ತೈತಿ. ಈ ಒಂದು ಮಾತು ನೆನಪಿಟ್ಟುಕೊಳ್ರಿ, ಮುಂದ ನಾಕು ಸಲ ಬೇಕಾಗ್ತೈತಿ.

ಯಮಾಹಾದ ಸ್ಟೈಲ್ ಒಳಗ ಎಂಟು ಪಾರ್ಟ್ ಇರ್ತಾವು: ರಿದಮ್ (ತಾಳ) ಎರಡು, ಬೇಸ್ (ಕೆಳಗಿನ ದಪ್ಪ ಸ್ವರ) ಒಂದು, ಕಾರ್ಡ್ (ಕೂಡೇ ನುಡಿಯೋ ಸ್ವರಗಳ ಗುಂಪು) ಎರಡು, ಪ್ಯಾಡ್ (ಹಿಂದ ಎಳೆಯೋ ದನಿ) ಒಂದು, ಫ್ರೇಜ್ (ಸಣ್ಣ ಸ್ವರ ತುಣುಕು) ಎರಡು. ರಿದಮ್ ಬಿಟ್ಟು ಉಳಿದವನ್ನ ಸಾಮಾನ್ಯವಾಗಿ ಸಿ ಮೇಜರ್ ಸೆವೆಂತ್ ಅನ್ನೋ ಒಂದ ಕಾರ್ಡ್‌ನ್ಯಾಗ ಬರದಿರ್ತಾರ, ನೀವು ಎಡಗೈಲೆ ಎಫ್ ಹಿಡದ್ರ ಎಫ್‌ಗೆ, ಎ ಮೈನರ್ ಹಿಡದ್ರ ಎ ಮೈನರ್‌ಗೆ ಕೀಬೋರ್ಡ್ ತಾನ ಬದಲಿ ಮಾಡ್ಕೋತೈತಿ. ಇದರ ಜೋಡಿ ಇಂಟ್ರೋ (ಸುರುವಾತು), ಮೇನ್ (ಹಾಡಿನ ಜೋಡಿ ಹೋಗೋದು), ಫಿಲ್ (ನಡುವಿನ ತಿರುವು), ಎಂಡಿಂಗ್ (ಮುಗಿಸೋದು) ಅಂತ ತುಂಡುಗಳು. ಸಣ್ಣ ಮಾಡೆಲ್‌ನ್ಯಾಗ ಮೇನ್ ಎ ಮತ್ತ ಬಿ ಎರಡ, ದೊಡ್ಡದ್ರಾಗ ಎ ಇಂದ ಡಿ ತನಕ ನಾಕು. ದೊಡ್ಡದ್ರ ಸ್ಟೈಲ್ ಸಣ್ಣದ್ರಾಗ ಹಾಕಿ, ಪೂರಾ ಬರವಲ್ದು ಅಂತ ಗಾಬರಿ ಆಗಬ್ಯಾಡ್ರಿ, ಬಟನ್ನ ಇಲ್ಲದ ತುಂಡು ಎಲ್ಲಿಂದ ಬಾರ್ಸೀತು.

ಈಗ ಕೀಬೋರ್ಡ್ ಡಬ್ಬ ಹಾಕಿ ಕೆಳಗಿನ ಸ್ಟಿಕ್ಕರ್ ಓದ್ರಿ, ಮಾಡೆಲ್ ನಂಬರ್ ಒಂದು ಚೀಟ್ಯಾಗ ಬರ್ಕೊಳ್ರಿ. ನಮ್ಮ ಕಡೆ ಯಾವ ಕಂಪನಿದಿದ್ರೂ ಕ್ಯಾಸಿಯೋ ಅಂತನ ಕರೀತಾರ, ಬಾಯಿ ರೂಢಿ, ಅದ್ರಿಂದ ಆಗೋ ಘೋಟಾಳಿ ಭಾಳ. ಗೆಳ್ಯಾಗ ಫೋನ್ ಹಚ್ಚಿ ಕ್ಯಾಸಿಯೋಕ್ಕ ಸ್ಟೈಲ್ ಕಳಸೋ ಅಂತೀರಿ, ಅಂವ ಖರೇನ ಕ್ಯಾಸಿಯೋದ್ದ ಕಳಸ್ತಾನ, ನಿಮ್ಮ ಮನ್ಯಾಗಿರೋದು ಯಮಾಹಾ. ಕ್ಯಾಸಿಯೋದ ಫೈಲ್‌ನ ಬಾಲ, ಅಂದ್ರ ಹೆಸರಿನ ಕಡೀಕ ಚುಕ್ಕಿ ಆದ ಮ್ಯಾಲ ಬರೋ ಅಕ್ಷರ, ಎಸಿ7 ಅಂತಿರ್ತೈತಿ, ಯಮಾಹಾದ್ದು ಎಸ್‌ಟಿವೈ, ಕೆಲವೊಮ್ಮೆ ಪಿಆರ್‌ಎಸ್ ಇಲ್ಲಾ ಎಸ್‌ಎಸ್‌ಟಿ, ರೋಲ್ಯಾಂಡ್‌ದು ಎಸ್‌ಟಿಎಲ್. ಕೋರ್ಗ್‌ನ ಪಿಎ ಸಿರೀಸಿಂದೂ ಎಸ್‌ಟಿವೈ ಅಂತನ ಬರ್ತೈತಿ, ಆದ್ರ ಒಳಗಿನ ಲೆಕ್ಕಾನ ಬ್ಯಾರೆ, ಯಮಾಹಾಕ್ಕ ನಡಿಯೂದಿಲ್ಲ. ಕಂಪ್ಯೂಟರ್‌ನ್ಯಾಗ ನಡಿಯೋ ಬ್ಯಾಂಡ್ ಇನ್ ಎ ಬಾಕ್ಸ್ ಅನ್ನೋ ಸಾಫ್ಟ್‌ವೇರ್‌ದ ಸ್ಟೈಲಿಗೂ ಅದ ಬಾಲ. ಹಂಗಾಗಿ ಬರೇ ಎಸ್‌ಟಿವೈ ನೋಡಿ ಇಳಿಸ್ಕೋಬ್ಯಾಡ್ರಿ, ಯಾವ ಕೀಬೋರ್ಡ್‌ದು ಅಂತ ಬರದಿದ್ರ ಮಾತ್ರ ಇಳಿಸ್ಕೊಳ್ರಿ. ಒಂದರದ ಬಾಲ ಕತ್ತರಿಸಿ ಇನ್ನೊಂದರ ಬಾಲ ಅಂಟಿಸಿದ್ರ, ಅಂದ್ರ ಫೈಲ್ ಹೆಸರು ಬದಲಿ ಮಾಡಿದ್ರ, ಸ್ಟೈಲ್ ಬದಲಿ ಆಗೂದಿಲ್ಲ, ಇದನ್ನ ಮಾಡಿ ದಿನಗಟ್ಟಲೆ ತಲಿ ಕೆಡಿಸ್ಕೊಂಡವರನ್ನ ನೋಡೀನಿ.

ಆಮ್ಯಾಲೆ ಹಿಂದಿನ ಬಾಜು ನೋಡ್ರಿ, ಯುಎಸ್‌ಬಿ ತೂತು ಎರಡು ನಮೂನಿ ಇರ್ತಾವು. ಪೆನ್ ಡ್ರೈವ್ ನೇರ ಹೋಗೋ ಅಡ್ಡ ತೂತಿಗೆ ಯುಎಸ್‌ಬಿ ಟು ಡಿವೈಸ್ ಅಂತ ಬರದಿರ್ತಾರ, ಪ್ರಿಂಟರ್ ಕೇಬಲ್ ಹೋಗೋ ಅಂಥ ಚೌಕ ತೂತಿಗೆ ಯುಎಸ್‌ಬಿ ಟು ಹೋಸ್ಟ್. ಮೊದಲಿಂದು ಇದ್ರ ನಿಮ್ಮ ನಸೀಬು ಚಲೋ, ಪೆನ್ ಡ್ರೈವ್‌ಲೇ ಕೆಲಸ ಮುಗೀತೈತಿ. ಬರೇ ಚೌಕದ್ದಿದ್ರ ಕಂಪ್ಯೂಟರ್ ಬೇಕು, ಯಮಾಹಾಕ್ಕಾದ್ರ ಮ್ಯೂಸಿಕ್‌ಸಾಫ್ಟ್ ಡೌನ್‌ಲೋಡರ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ಕೇಬಲ್ ಮುಖಾಂತರ ಕಳಸ್ಬೇಕು, ಅದೂ ನಿಮ್ಮ ಮಾಡೆಲ್ ಹೊರಗಿನ ಸ್ಟೈಲ್ ತಗೋತಿದ್ರ. ಎರಡೂ ಇಲ್ಲದ ಸಣ್ಣ ಕೀಬೋರ್ಡ್ ಆದ್ರ ಆಸೆ ಬಿಟ್ಟುಬಿಡ್ರಿ, ಹೊಸ ಸ್ಟೈಲ್ ಹೋಗೂದಿಲ್ಲ, ಅದರಾಗಿರೋದನ್ನ ಚಂದಗೆ ಬಳಸೂದು ಕಲೀರಿ. ಹೊಸಾದು ತಗೋಳಾಕ ಹೊಂಟಿದ್ರ ಅಂಗಡ್ಯಾಗ ಕೇಳೋ ಮೊದಲನೇ ಪ್ರಶ್ನೆ ಇದ ಇರ್ಲಿ: ಪೆನ್ ಡ್ರೈವ್ ಹೋಗ್ತೈತೇನು, ಹೊರಗಿನ ಸ್ಟೈಲ್ ಎಷ್ಟು ಹಿಡಿತಾವು. ಯಮಾಹಾ ಪಿಎಸ್‌ಆರ್-ಇ463ರಾಗ ಕಂಪನಿದು 235 ಸ್ಟೈಲ್, ಅದರ ಮ್ಯಾಲ ನಮ್ಮವು ಹಾಕ್ಕೊಳ್ಳಾಕ 10 ಜಾಗ. ಇ473ರಾಗ 290, ಅಲ್ಲೂ ನಮ್ಮವು 10. ಹತ್ತ ಏನಪಾ ಅಂತೀರಿ, ಸಾಕು, ಯಾಕ ಸಾಕು ಅನ್ನೂದು ಮುಂದ ಬರ್ತೈತಿ. ಭಾರತದ ಸಲುವಾಗೇ ಮಾಡಿದ ಪಿಎಸ್‌ಆರ್-ಐ455, ಐ500 ಅಂತ ಮಾಡೆಲ್ ಅದಾವು, ಅದ್ರಾಗ ರಿಯಾಜಿಗೆ ತಬಲಾ ತಂಬೂರಿ ಮೊದಲ ಇರ್ತಾವು. ಬರೇ ರಿಯಾಜಿಗೆ ಬೇಕಾಗಿದ್ರ ಫೈಲ್ ಹುಡುಕೋ ತ್ರಾಸನ ಬ್ಯಾಡ.

ಪೆನ್ ಡ್ರೈವ್ ಸಣ್ಣದು ತಗೋರಿ, 8 ಇಲ್ಲಾ 16 ಜಿಬಿ. ನೂರಾರು ಸ್ಟೈಲ್ ಹಾಕಿದ್ರೂ ಒಂದು ಮೂಲಿ ತುಂಬೂದಿಲ್ಲ, ಮತ್ತ 64 ಜಿಬಿ ಮ್ಯಾಲಿನವು ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್‌ನ್ಯಾಗ ಬರ್ತಾವು, ಭಾಳಷ್ಟು ಕೀಬೋರ್ಡ್‌ಗಳಿಗೆ ಅದು ಓದಾಕ ಬರೂದಿಲ್ಲ, ಫ್ಯಾಟ್32 ಬೇಕು. ಕಂಪ್ಯೂಟರ್‌ನ್ಯಾಗ ಫಾರ್ಮ್ಯಾಟ್ ಮಾಡೋಕಿಂತ ಪೆನ್ ಡ್ರೈವ್ ಕೀಬೋರ್ಡ್‌ಗೇ ಚುಚ್ಚಿ ಅದರ ಮೆನುದಾಗಿನ ಫಾರ್ಮ್ಯಾಟ್ ಆಯ್ಕೆ ಒತ್ರಿ, ಅದು ತನಗ ಬೇಕಾದಂಗ ಮಾಡ್ಕೋತೈತಿ. ಒಳಗ ಮಗಳ ಲಗ್ನದ ಫೋಟೋ ಇದ್ರ ಮೊದಲ ತಗದು ಬ್ಯಾರೆ ಕಡೆ ಇಟ್ಕೊಳ್ರಿ, ಎಲ್ಲಾ ಅಳಿಸಿ ಹೋಗ್ತೈತಿ.

ಈಗ ಎಲ್ಲಾರೂ ಮೊಬೈಲ್‌ನ್ಯಾಗ ಇಳಿಸ್ಕೊಳ್ಳೋದು, ಕಂಪ್ಯೂಟರ್ ಎಲ್ಲಾರ ಮನ್ಯಾಗಿಲ್ಲ, ಮೊಬೈಲ್‌ಲೇ ಎಲ್ಲಾ ಆಗ್ತೈತಿ. ಒಂದು ಓಟಿಜಿ ತುಂಡು ಕೇಬಲ್ ತಗೋರಿ, ಮೊಬೈಲ್ ಅಂಗಡ್ಯಾಗ ಸಿಗ್ತೈತಿ, ಅದ್ರಿಂದ ಪೆನ್ ಡ್ರೈವ್ ಮೊಬೈಲ್‌ಗೆ ಜೋಡಿಸ್ರಿ. ಇಳಿದ ಫೈಲ್ ಜಿಪ್ ಆಗಿದ್ರ ಫೈಲ್ ಮ್ಯಾನೇಜರ್‌ನ್ಯಾಗ ಅದನ್ನ ಬಿಚ್ಚಬೇಕು, ಜಿಪ್ ಹಂಗ ಹಾಕಿದ್ರ ಕೀಬೋರ್ಡ್ ಕಣ್ಣಿಗೆ ಕಾಣಂಗೇ ಇಲ್ಲ. ಒಮ್ಮೊಮ್ಮೆ ಮೊಬೈಲ್ ತನ್ನ ಶ್ಯಾಣ್ಯಾತನ ತೋರಿಸಿ ಹೆಸರಿನ ಕಡೀಕ ಟಿಎಕ್ಸ್‌ಟಿ ಇಲ್ಲಾ ಬಿನ್ ಅಂತ ಸೇರಿಸಿಬಿಡ್ತೈತಿ, ಅಂಥದ್ದು ಕಂಡ್ರ ಆ ಹೆಚ್ಚಿನ ಬಾಲ ತಗದುಬಿಡ್ರಿ. ಹೆಸರು ಇಂಗ್ಲಿಷ್ ಅಕ್ಷರದಾಗ ಗಿಡ್ಡಕ ಇಡ್ರಿ, ಕನ್ನಡದಾಗ ಬರದ್ರ ಸಣ್ಣ ಸ್ಕ್ರೀನ್‌ನ್ಯಾಗ ಅದು ಬರೂದಿಲ್ಲ. ನಾನು ತಾಳದ ಹೆಸರು ಮುಂದ, ಟೆಂಪೋ (ವೇಗ) ಹಿಂದ ಇಡ್ತೀನಿ, ದಾದ್ರಾ 110, ಕೆಹರ್ವಾ 92 ಹಿಂಗ, ಕತ್ತಲದಾಗ ಸ್ಟೇಜ್ ಮ್ಯಾಲ ಓದಾಕ ಅನುಕೂಲ. ಇನ್ನ ಫೈಲ್ ಎಲ್ಲಿ ಇಡಬೇಕು ಅನ್ನೂದು. ಇ463 ತರದ ಯಮಾಹಾದಾಗ ಪೆನ್ ಡ್ರೈವ್ ತಗದ ಕೂಡ್ಲೇ ಕಾಣೋ ಜಾಗದಾಗ, ಇಲ್ಲಾ ಅಲ್ಲೇ ಇರೋ ಯೂಸರ್ ಫೈಲ್ಸ್ ಅನ್ನೋ ಫೋಲ್ಡರ್ ಒಳಗ ಇಡಬೇಕು. ಫೋಲ್ಡರ್ ಒಳಗ ಫೋಲ್ಡರ್ ಮಾಡಿ ಹಿಂದಿ, ಕನ್ನಡ, ಭಜನಿ ಅಂತ ಜೋಡಿಸಿಟ್ರ ನಮಗ ಚಂದ ಕಾಣ್ತೈತಿ, ಕೀಬೋರ್ಡ್‌ಗೆ ಒಂದೂ ಕಾಣೂದಿಲ್ಲ. ಫೈಲ್ ಬರವಲ್ದು ಅನ್ನೋರದ್ದು ಭಾಳ ಸಲ ಇದ ತಪ್ಪಿರ್ತೈತಿ.

ಲೋಡ್ ಮಾಡೂದು ಹಿಂಗ. ಕೀಬೋರ್ಡ್ ಚಾಲೂ ಮಾಡಿ ಪೆನ್ ಡ್ರೈವ್ ಚುಚ್ರಿ, ಅದು ಓದೋ ತನಕ ಒಂದಿಷ್ಟು ತಡೀರಿ. ಫೈಲ್ ಅಂತ ಹೆಸರಿರೋ ಬಟನ್ ಒತ್ತಿ ಮೆನುದಾಗ ಲೋಡ್ ಸ್ಟೈಲ್ ಅನ್ನೂದಕ್ಕ ಹೋಗ್ರಿ, ಗುಂಡನ ಡಯಲ್ ತಿರುವಿ ನಿಮ್ಮ ಫೈಲ್ ಹಿಡೀರಿ, ಎಕ್ಸಿಕ್ಯೂಟ್ ಒತ್ರಿ. ಯಾವ ನಂಬರಿಗೆ ಹಾಕ್ಲಿ ಅಂತ ಕೇಳ್ತೈತಿ, ಕಡೀ ಹತ್ತು ನಂಬರ್‌ನ್ಯಾಗ ಖಾಲಿ ಇದ್ದದ್ದು ಆರಿಸ್ರಿ, ಇ463ರಾಗ ಅದು 236ರಿಂದ 245. ತುಂಬಿದ ನಂಬರ್ ಕೊಟ್ರ ಹಳೇದು ಅಳಿಸಿ ಹೋಗ್ತೈತಿ, ಅದು ತಿರುಗಿ ಬರೂದಿಲ್ಲ. ಇನ್ನೊಮ್ಮೆ ಒತ್ತಿ ಖಾತ್ರಿ ಕೊಟ್ರ ಆತು. ಲೋಡ್ ಆಗೋ ಹೊತ್ತಿನ್ಯಾಗ ಪೆನ್ ಡ್ರೈವ್ ಕಿತ್ತಬ್ಯಾಡ್ರಿ, ಬಂದ್ ಮಾಡಬ್ಯಾಡ್ರಿ. ಮಳಿಗಾಲದಾಗ ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡ್ತಿರ್ತೈತಲ್ಲ, ಅಂಥ ದಿನ ಇನ್ವರ್ಟರ್ ಲೈನಿಗೆ ಹಚ್ಚಿ ಮಾಡ್ರಿ. ಬಟನ್ ಹೆಸರು ಮಾಡೆಲ್ ಮಾಡೆಲಿಗೆ ಒಂದೀಟು ಹೆಚ್ಚು ಕಡಿಮಿ ಇರ್ತಾವು, ಡಬ್ಬಿ ಜೋಡಿ ಬಂದ ಪುಸ್ತಕದಾಗ ಸ್ಟೈಲ್ ಲೋಡ್ ಅನ್ನೋ ಒಂದು ಪುಟ ಇರ್ತೈತಿ, ಅದೊಂದನ್ನ ಓದಿದ್ರ ಸಾಕು.

ಯಮಾಹಾದ ದೊಡ್ಡ ಎಸ್‌ಎಕ್ಸ್ ಸಿರೀಸ್ ಇದ್ದವರಿಗೆ ಇಷ್ಟೂ ಬ್ಯಾಡ, ಸ್ಟೈಲ್ ಸ್ಕ್ರೀನಿಗೆ ಹೋಗಿ ಯುಎಸ್‌ಬಿ ಅಂತ ಒತ್ತಿದ್ರ ಪೆನ್ ಡ್ರೈವ್‌ನ್ಯಾಗಿಂದನ ನೇರ ನುಡೀತೈತಿ, ಫೋಲ್ಡರ್ ಮಾಡಿಟ್ರೂ ನಡೀತೈತಿ, ಕಾಯಂ ಬೇಕಾದದ್ದನ್ನ ಕಾಪಿ ಮಾಡಿ ಯೂಸರ್ ಜಾಗಕ್ಕ ಪೇಸ್ಟ್ ಮಾಡಿದ್ರ ಆತು. ಕ್ಯಾಸಿಯೋದವರು ಸ್ಟೈಲ್ ಅನ್ನೂದಿಲ್ಲ, ರಿದಮ್ ಅಂತಾರ. ಸಿಟಿ-ಎಕ್ಸ್3000, ಎಕ್ಸ್5000 ಇಂಥವುದ್ರಾಗ ಪೆನ್ ಡ್ರೈವ್ ಕೀಬೋರ್ಡ್‌ನ್ಯಾಗನ ಫಾರ್ಮ್ಯಾಟ್ ಮಾಡಿದ್ರ ಮ್ಯೂಸಿಕ್‌ಡ್ಯಾಟ್ ಅನ್ನೋ ಫೋಲ್ಡರ್ ತಯಾರಾಗ್ತೈತಿ, ಎಸಿ7 ಫೈಲ್ ಅದರೊಳಗ ಹಾಕಿ ಮೀಡಿಯಾ ಮೆನುದಿಂದ ಯೂಸರ್ ರಿದಮ್‌ಗೆ ತುಂಬ್ಕೋಬೇಕು.

ಫೈಲ್ ಹೋತು, ಸ್ಟಾರ್ಟ್ ಒತ್ತಿದ್ರಿ, ಕೆಟ್ಟ ಕೇಳಿತು. ಇಲ್ಲೇ ನೋಡ್ರಿ ಹೊಸಬರು ಕೈ ಬಿಡೋದು. ಕೀಬೋರ್ಡ್ ಕೆಟ್ಟಿಲ್ಲ, ಫೈಲೂ ಕೆಟ್ಟಿಲ್ಲ, ಮೊದಲ ಹೇಳಿದ ಮಾತು ನೆನಸ್ಕೊಳ್ರಿ, ಬರವಣಿಗಿ ಒಬ್ಬರದು ದನಿ ಇನ್ನೊಬ್ಬರದು. ದೊಡ್ಡ ಕೀಬೋರ್ಡ್‌ನ್ಯಾಗ ಮೆಗಾ ವಾಯ್ಸ್ ಅಂತ ಗಿಟಾರ್ ದನಿ ಇರ್ತಾವು, ಕೀ ಮೆತ್ತಗ ಒತ್ತಿದ್ರ ಒಂದು ನಮೂನಿ, ಜೋರ ಒತ್ತಿದ್ರ ತಂತಿ ಎಳದಂಗ, ಇನ್ನೂ ಜೋರ ಒತ್ತಿದ್ರ ಬೆರಳು ಜಾರಿದಂಗ ಸಪ್ಪಳ. ಭಾಳ ಮ್ಯಾಲಿನ ಸ್ವರದಾಗ ಬರೇ ತಂತಿ ಕೆರದ ಸಪ್ಪಳ ಇಟ್ಟಿರ್ತಾರ. ನಿಮ್ಮ ಸಣ್ಣ ಕೀಬೋರ್ಡ್‌ನ್ಯಾಗ ಆ ದನಿ ಇಲ್ಲ, ಅದು ಮಾಮೂಲಿ ಗಿಟಾರ್ ಹಚ್ಚಿ ಆ ಸಪ್ಪಳದ ಜಾಗಾದಾಗ ಚಿರಕ್ ಚಿರಕ್ ಅಂತ ಮ್ಯಾಲಿನ ಸ್ವರ ನುಡಸ್ತೈತಿ. ತಬಲಾದ್ದೂ ಹಂಗ. ಬರದವನ ಕೀಬೋರ್ಡ್‌ನ್ಯಾಗ ತಬಲಾದ ಕಿಟ್ ಇತ್ತು, ಒಂದು ಕೀ ಧಾ ಅಂತಿತ್ತು, ಇನ್ನೊಂದು ತಿನ್ ಅಂತಿತ್ತು, ನಿಮ್ಮದ್ರಾಗ ಆ ಕಿಟ್ ಇಲ್ಲಂದ್ರ ಅದ ಕೀಗೆ ಡ್ರಮ್, ಕಂಜ್ರಾ, ಘಂಟಿ ಏನ ಸಿಗ್ತೈತೋ ಅದನ್ನ ಬಡೀತೈತಿ. ಇನ್ನೊಂದು ಕಾರಣ ಫಾರ್ಮ್ಯಾಟ್. ಯಮಾಹಾದ ಹಳೇ ಸ್ಟೈಲ್ ಫಾರ್ಮ್ಯಾಟ್‌ಗೆ ಎಸ್‌ಎಫ್‌ಎಫ್ ಅಂತಾರ, 2008ರಾಗ ಟೈರೋಸ್3 ಅನ್ನೋ ದೊಡ್ಡ ಕೀಬೋರ್ಡ್ ಜೋಡಿ ಎಸ್‌ಎಫ್‌ಎಫ್ ಜಿಇ ಅಂತ ಹೊಸಾದು ಬಂತು, ಅದಕ್ಕಿಂತ ಹಳೇ ಕೀಬೋರ್ಡ್‌ಗಳಿಗೆ ಈ ಹೊಸಾದು ಸರಿಯಾಗಿ ತಿಳಿಯೂದಿಲ್ಲ.

ಇದಕ್ಕ ಮಾಡಬೇಕಾದದ್ದು ಏನಂದ್ರ, ಮೊದಲ ಸಾಧ್ಯ ಆದಷ್ಟು ನಿಮ್ಮ ಮಾಡೆಲಿಗೇ ಮಾಡಿದ ಸ್ಟೈಲ್ ಹುಡುಕ್ರಿ, ಇಲ್ಲಾ ಅದ ಸಿರೀಸಿಂದು. ಟೈರೋಸ್, ಜೆನೋಸ್ ಅಂತ ದೊಡ್ಡ ಕೀಬೋರ್ಡ್‌ಗಳ ಹೆಸರಿರೋದನ್ನ ಇ463ರಂಥ ಇ ಸಿರೀಸಿಗೆ ಹಾಕಬ್ಯಾಡ್ರಿ, ಹೆಸರು ದೊಡ್ಡದೈತಿ ಅಂತ ಮರುಳಾಗಬ್ಯಾಡ್ರಿ. ಹಾಕೇ ಬಿಟ್ಟಿದ್ರ ಟ್ರ್ಯಾಕ್ ಬಂದ್ ಮಾಡೋ ಸವಲತ್ತು ನಿಮ್ಮದ್ರಾಗ ಐತೇನು ನೋಡ್ರಿ, ಇದ್ರ ಎಂಟೂ ಪಾರ್ಟ್ ಬಂದ್ ಮಾಡಿ ಒಂದೊಂದ ಚಾಲೂ ಮಾಡ್ಕೋತ ಕೇಳ್ರಿ. ಯಾವುದು ಚಿರಕ್ ಅಂತೈತೋ ಅದನ್ನ ಬಂದ್ ಇಡ್ರಿ. ನನ್ನ ಅನುಭವದಾಗ ಭಜನಿ, ವಚನ, ಭಾವಗೀತಿಗೆ ರಿದಮ್ ಎರಡು ಮತ್ತ ಬೇಸ್ ಒಂದು, ಈ ಮೂರ ಸಾಕು, ಕಾರ್ಡ್ ಮತ್ತ ಫ್ರೇಜ್ ಬಂದ್ ಮಾಡಿದ್ರ ಹಾಡೋರ ದನಿ ಮ್ಯಾಲ ಬರ್ತೈತಿ. ಸ್ಟೈಲ್ ವಾಲ್ಯೂಮ್ ಅಂತ ಬ್ಯಾರೆ ಇರ್ತೈತಿ, ಅದನ್ನ ನಿಮ್ಮ ಬಲಗೈ ದನಿಕಿಂತ ಕೆಳಗ ಇಡ್ರಿ.

ಇನ್ನ ತಾಳ. ಇದನ್ನ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳ್ತೀನಿ. ನಮ್ಮ ಸುತ್ತಿನ ಊರಾಗ ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಲ್ತು ಬಂದ ಗವಾಯಿಗಳು, ತಬಲಾದವರು ಅದಾರ, ಅವರನ್ನ ಕೇಳಿ ಕೇಳಿ ಬರೇ ಕೇಳೋ ಮಂದಿ ಕಿವೀನೂ ತಯಾರಾಗೈತಿ, ಏನೂ ನುಡಿಸಾಕ ಬರದ ಅಜ್ಜಿ ಸೈತ ಸಮ, ಅಂದ್ರ ತಾಳದ ಮೊದಲನೇ ಮಾತ್ರಿ, ತಪ್ಪಿದ್ರ ತಲಿ ಅಲ್ಲಾಡಸೂದು ನಿಲ್ಲಿಸ್ತಾಳ. ಹಂಗಾಗಿ ಸ್ಟೈಲ್ ಹೆಸರು ನೋಡಿ ಅಲ್ಲ, ಎಣಿಸಿ ತಗೋರಿ. ಹಾಡನ್ನ ಮೊದಲ ಕೈಲೆ ತಟ್ಟಿ ಎಣಸ್ರಿ. ಎಂಟಕ್ಕ ತಿರುಗಿ ಬಂದ್ರ ಕೆಹರ್ವಾ, ಧಾ ಗೆ ನಾ ತಿ ನಾ ಕ ಧಿ ನಾ. ಆರಕ್ಕ ಬಂದ್ರ ದಾದ್ರಾ, ಧಾ ಧಿ ನಾ ಧಾ ತಿ ನಾ. ಏಳಕ್ಕ ಬಂದ್ರ ರೂಪಕ, ತಿ ತಿ ನಾ ಧಿ ನಾ ಧಿ ನಾ, ಇದರ ಸಮದ ಮ್ಯಾಲೇ ಖಾಲಿ (ಹಗುರ ಪೆಟ್ಟಿನ ಜಾಗಾ) ಇರ್ತೈತಿ, ಅದಕ್ಕ ಸುರುವಾತಿಗೆ ಜೋರ ಪೆಟ್ಟು ಬರೂದಿಲ್ಲ. ಕೀಬೋರ್ಡ್ ಭಾಷಾದಾಗ ಕೆಹರ್ವಾ 4/4, ದಾದ್ರಾ 3/4 ಇಲ್ಲಾ 6/8, ರೂಪಕ 7/8 ಇಲ್ಲಾ 7/4 ಅಂತ ತೋರಿಸ್ತೈತಿ. 3/4 ಇದ್ದ ಮಾತ್ರಕ್ಕ ದಾದ್ರಾ ಅಂತಲ್ಲ ಮತ್ತ, ವಾಲ್ಟ್ಜ್ ಸ್ಟೈಲೂ 3/4, ಲೆಕ್ಕ ಕೂಡ್ತೈತಿ, ಆದ್ರ ಒಂದನೇ ಮಾತ್ರಿಗೆ ಧಪ್ ಅಂತ ಬಿದ್ದು ಉಳಿದೆರಡು ಚಿಕ್ ಚಿಕ್ ಅಂತಾವು, ತತ್ವಪದಕ್ಕ ಅದು ಹೊಂದೂದಿಲ್ಲ. ಭಜನಿ ಠೇಕಾನೂ ಎಂಟ ಮಾತ್ರಿ, ಕೆಹರ್ವಾನೂ ಎಂಟ, ಆದ್ರ ಪೆಟ್ಟು ಬೀಳೋ ಜಾಗಾ ಬ್ಯಾರೆ. ಇಳಿಸ್ಕೊಂಡ ಸ್ಟೈಲ್ ಕೇಳ್ಕೋತ ಬಾಯಿಲೆ ಬೋಲ್, ಈ ಧಾ ಗೆ ನಾ ಅನ್ನೂದು, ಹೇಳ್ರಿ, ಕೂಡಿದ್ರ ಇಟ್ಕೊಳ್ರಿ, ಕೂಡಲಿಲ್ಲ ಅಂದ್ರ ಹೆಸರಿನ್ಯಾಗ ದಾದ್ರಾ ಅಂತ ಇದ್ರೂ ಅಳಿಸಿಬಿಡ್ರಿ.

ಕಾರ್ಡ್ ವಿಷಯಾನೂ ಇಲ್ಲೇ ಹೇಳಬೇಕು. ಯಮಾಹಾದಾಗ ಎಸಿಎಂಪಿ ಅಂತ ಒಂದು ಬಟನ್ ಐತಿ, ಅದು ಬಂದ್ ಇದ್ರ ಸ್ಟೈಲ್‌ನ ರಿದಮ್ ಮಾತ್ರ ನುಡೀತೈತಿ, ಚಾಲೂ ಇದ್ರ ಎಡಗೈ ಕಾರ್ಡ್ ಪ್ರಕಾರ ಬೇಸ್, ಗಿಟಾರ್ ಎಲ್ಲಾ ಕೂಡ್ತಾವು. ಹೊಸಬರು ಮೊದಲ ಒಂದು ತಿಂಗಳು ಎಸಿಎಂಪಿ ಬಂದ್ ಇಟ್ಟು ಬರೇ ತಾಳದ ಜೋಡಿ ಬಲಗೈಲೆ ಹಾಡು ನುಡಸ್ರಿ. ಆಮ್ಯಾಲೂ ಎಲ್ಲಾ ಹಾಡಿಗೆ ಕಾರ್ಡ್ ಬ್ಯಾಡ. ಸಿನಿಮಾ ಹಾಡು, ಭಾವಗೀತಿ ಕಾರ್ಡ್ ತಗೋತಾವು, ಭೈರವ, ತೋಡಿ ಇಂಥ ರಾಗದಾಗಿನ ಅಭಂಗ, ವಚನಕ್ಕ ಮೇಜರ್ ಮೈನರ್ ಕಾರ್ಡ್ ಹಚ್ಚಿದ್ರ ಕೋಮಲ ರಿಷಭದ ಜೋಡಿ ತಿಕ್ಕಾಟ ಆಗಿ ರಾಗದ ಮುಖಾನ ಬದಲಾಗ್ತೈತಿ. ಅಂಥಲ್ಲಿ ಫಿಂಗರ್ಡ್ ಮೋಡ್‌ನ್ಯಾಗ, ಅಂದ್ರ ಕಾರ್ಡ್‌ನ ಸ್ವರ ಎಲ್ಲಾ ನೀವ ಒತ್ತೋ ಪದ್ಧತ್ಯಾಗ, ಬರೇ ಸಾ ಮತ್ತ ಪಾ ಎರಡ ಹಿಡೀರಿ, ಸಿ ಮತ್ತ ಜಿ. ಯಮಾಹಾ ಅದನ್ನ 1+5 ಅಂತ ಗುರ್ತು ಹಿಡೀತೈತಿ, ಗಾಂಧಾರನ ಇಲ್ಲದ್ದರಿಂದ ಮೇಜರೂ ಅಲ್ಲ ಮೈನರೂ ಅಲ್ಲ, ತಂಬೂರಿ ಹಿಂದ ಇದ್ದಂಗ ಆಗ್ತೈತಿ. ಇದನ್ನ ಗೊತ್ತು ಮಾಡ್ಕೊಂಡ ದಿನ ನನಗ ಆದ ಖುಷಿ ಅಷ್ಟಿಷ್ಟಲ್ಲ. ಹಾಡೋರು ಕಾಳಿ ಎರಡು, ಅಂದ್ರ ಎರಡನೇ ಕರಿ ಕೀ ತಮ್ಮ ಸಾ, ಅಂತ ಹೇಳಿದ್ರ ಟ್ರಾನ್ಸ್‌ಪೋಸ್ (ಶ್ರುತಿ ಏರಿಸಿ ಇಳಿಸೋ ಸವಲತ್ತು) ಮೂರಕ್ಕ ಏರಿಸಿ ನೀವು ಸಿಯಿಂದನ ನುಡಸ್ರಿ, ಸ್ಟೈಲೂ ಅದರ ಜೋಡಿ ಏರ್ತೈತಿ, ತಾಳದ ಪೆಟ್ಟು ಮಾತ್ರ ಇದ್ದಂಗ ಇರ್ತೈತಿ.

ಸಾವಿರಗಟ್ಟಲೆ ಸ್ಟೈಲ್ ತುಂಬಿದ ಪೆನ್ ಡ್ರೈವ್ ಮಾರೋರ ಬಗ್ಗೆ ಎಚ್ಚರ ಇರ್ಲಿ. ನಾನೂ ಹಿಂದೊಮ್ಮೆ ಒಬ್ಬರ ಕಡೆ ರೊಕ್ಕ ಕೊಟ್ಟು ತಗೊಂಡಿದ್ದೆ, ಮೂರು ದಿನ ಕುಂತು ಒಂದೊಂದ ಹಾಕಿ ಕೇಳಿದ್ರ ಅರ್ಧಕ್ಕರ್ಧ ಬ್ಯಾರೆ ಕಂಪನಿವು, ಉಳಿದದ್ರಾಗ ಒಂದ ಸ್ಟೈಲ್ ಐದು ಹೆಸರಿನ್ಯಾಗ, ಮ್ಯಾಲ ಕಂಪ್ಯೂಟರ್‌ಗೆ ವೈರಸ್. ಅದರಾಗಿಂದ ಇವತ್ತಿಗೂ ನಾನು ಬಳಸೋದು ಎರಡ. ಒಬ್ಬ ಕಲಾವಿದ ತಿಂಗಳುಗಟ್ಟಲೆ ಕುಂತು ಮಾಡಿದ ಸ್ಟೈಲನ್ನ ಹಿಂಗ ಯಾರ್ ಯಾರೋ ಕಾಪಿ ಹೊಡದು ಮಾರೋದು ನೋಡಿದ್ರ ಹೊಟ್ಟಿಗೆ ಸಂಕಟ ಆಗ್ತೈತಿ. ಮಾಡಿದವನ ಕಡಿಂದನ ನಿಮ್ಮ ಮಾಡೆಲ್ ಹೇಳಿ ನಾಕ ಸ್ಟೈಲ್ ತಗೋರಿ, ಅಂವ ನಿಮ್ಮ ಕೀಬೋರ್ಡ್‌ನ ದನಿಗೆ ಹೊಂದಿಸಿ ಕೊಡ್ತಾನ, ತಪ್ಪಿದ್ರ ತಿದ್ದಿ ಕೊಡ್ತಾನ. ಹತ್ತು ಜಾಗ ಸಾಕು ಅಂದದ್ದು ಇದಕ್ಕ. ತಂಗಿ ಮಗನ ಕೀಬೋರ್ಡ್‌ನ್ಯಾಗ ಈಗ ಇರೋದು ಆರು: ಕೆಹರ್ವಾ ನಿಧಾನದ್ದೊಂದು ಜೋರಿಂದೊಂದು, ದಾದ್ರಾ ಎರಡು, ಭಜನಿ ಠೇಕಾ ಒಂದು, ರೂಪಕ ಒಂದು. ಟೆಂಪೋ ಹೆಚ್ಚು ಕಡಿಮಿ ಮಾಡಿ ಇಡೀ ಶ್ರಾವಣ ಇವುದ್ರಾಗನ ತಗದ.

ಹೊಂದಿಸಿದ್ದನ್ನ ರೆಜಿಸ್ಟ್ರೇಶನ್ ಮೆಮರಿಗೆ ಹಾಕೂದು ಮರೀಬ್ಯಾಡ್ರಿ. ಸ್ಟೈಲ್ ನಂಬರ್, ಟೆಂಪೋ, ಬಲಗೈ ದನಿ, ಟ್ರಾನ್ಸ್‌ಪೋಸ್ ಎಲ್ಲಾ ಒಂದ ಬಟನ್ನಿಗೆ ಕುಂದ್ರತಾವು, ಹಾಡು ಬದಲಾದ ಕೂಡ್ಲೇ ಒಂದ ಒತ್ತು. ಒಂದು ಮಾತು ಮಾತ್ರ ಲಕ್ಷ್ಯದಾಗಿರ್ಲಿ, ಅದು ನೆನಪಿಡೋದು ಸ್ಟೈಲ್‌ನ ನಂಬರ್, ಸ್ಟೈಲನ್ನಲ್ಲ. 238ರಾಗ ದಾದ್ರಾ ಇದ್ದಾಗ ಸೇವ್ ಮಾಡಿ, ಆಮ್ಯಾಲೆ 238ಕ್ಕ ಬ್ಯಾರೆ ಏನರ ಹಾಕಿದ್ರ, ಬಟನ್ ಒತ್ತಿದಾಗ ಹೊಸಾದ ಬಾರಿಸ್ತೈತಿ, ಅದೂ ನಡು ಕಾರ್ಯಕ್ರಮದಾಗ. ಯಾವ ನಂಬರಿಗೆ ಏನೈತಿ ಅಂತ ಒಂದು ಸಣ್ಣ ವಹಿಯೊಳಗ ಬರದಿಡ್ರಿ. ಎಲ್ಲಾ ಫೈಲ್‌ದೂ ಒಂದು ಕಾಪಿ ಮೊಬೈಲ್‌ನ್ಯಾಗ ಇಲ್ಲಾ ಇನ್ನೊಂದು ಪೆನ್ ಡ್ರೈವ್‌ನ್ಯಾಗ ಇರ್ಲಿ, ಯಾಕಂದ್ರ ಇ463 ತರದ ಕೀಬೋರ್ಡ್‌ನ್ಯಾಗ ಬಲಗಡೆ ಕಟ್ಟಕಡೀ ಬಿಳಿ ಕೀ ಮತ್ತ ಕಡೀ ಮೂರು ಕರಿ ಕೀ ಒಮ್ಮೆಲೆ ಹಿಡದು ಚಾಲೂ ಮಾಡಿದ್ರ ನೀವು ಹಾಕಿದ ಸ್ಟೈಲ್ ಎಲ್ಲಾ ಅಳಿಸಿ ಹೋಗ್ತಾವು. ಮನ್ಯಾಗ ಸಣ್ಣ ಹುಡುಗ್ರಿದ್ದು ಅಂಗೈ ಊರಿ ಆಟ ಆಡೋರಿದ್ರ ಆಡೋ ಹೊತ್ತಿಗೆ ಪ್ಲಗ್ ತಗದಿಡ್ರಿ.

ಕಡೀದಾಗಿ ತಬಲಾದವರ ವಿಷಯ, ಯಾಕಂದ್ರ ಇದನ್ನ ನನಗ ಭಾಳ ಮಂದಿ ಕೇಳ್ತಾರ. ಭಜನಿಗೆ ತಬಲಾ ನುಡಿಸೋರು ಬಂದಿದ್ರ ಸ್ಟೈಲ್ ಹಚ್ಚಬೇಕೋ ಬ್ಯಾಡೋ. ಸಿನಿಮಾ ಹಾಡಿನ ಆರ್ಕೆಸ್ಟ್ರಾ ಆದ್ರ ರಿದಮ್ ಪಾರ್ಟ್ ಎರಡೂ ಬಂದ್ ಮಾಡಿ ಬರೇ ಬೇಸ್ ಇಟ್ಟು ನಡಸ್ತಾರ, ತಬಲಾದವರು ಅದನ್ನ ಕೇಳ್ಕೋತ ನುಡಸ್ಬೇಕು, ಮಾನಿಟರ್ ಸ್ಪೀಕರ್ ಅವರ ಹಂತ್ಯಾಕನ ಇರ್ಬೇಕು. ಭಜನ್ಯಾಗ ಇದು ಆಗೂದಿಲ್ಲ. ಹಾಡೋರು ಭಾವ ಬಂದಲ್ಲಿ ಒಂದು ಸಾಲು ನಿಂತು ಹಾಡ್ತಾರ, ಕಡೀಕ ಲಯ ಏರಿಸ್ತಾರ, ತಬಲಾದವರು ಅವರ ಮಾರಿ ನೋಡಿ ಏರಿಸಿ ಇಳಸ್ತಾರ, ಕೀಬೋರ್ಡ್ ಇಟ್ಟ ಟೆಂಪೋದಾಗ ಇಟ್ಟಂಗ ಹೋಗ್ತೈತಿ. ಹುಡುಗಗ ನಾನು ಹೇಳಿದ್ದು, ತಬಲಾದ ಅಜ್ಜ ಬಂದ ದಿನ ಸ್ಟೈಲ್ ಬಂದ್ ಮಾಡಿ ಹಾರ್ಮೋನಿಯಂ ದನಿ ಇಟ್ಕೋ, ಅವರ ಬಾಜೂಕ ಕುಂದ್ರು, ಬೋಲ್ ಕೇಳ್ಕೋತ ನುಡಿಸು. ಹ್ವಾದ ಸೋಮವಾರ ಅಜ್ಜಾರು ಬಂದಿದ್ರು, ಇಂವ ಅವರ ದಾದ್ರಾ ಮೊಬೈಲ್‌ನ್ಯಾಗ ರೆಕಾರ್ಡ್ ಮಾಡ್ಕೊಂಡು ಬಂದಾನ, ಈಗ ರಾತ್ರಿ ಕುಂತು ತನ್ನ 238ರದ್ದು ಅದಕ್ಕ ಎಷ್ಟು ಹತ್ರ ಐತಿ ಅಂತ ಒಂದರ ಹಿಂದ ಒಂದು ಹಚ್ಚಿ ಕೇಳಾಕ ಹತ್ಯಾನ.